ಕೂಲಿಂಗ್ ಸ್ಟ್ಯಾಂಡ್ ಅಂತ ಫೋಮ್ ಹಚ್ಚಿದ ಹಲಗಿ ಕೊಡ್ತಾರ, ತಗೋಬ್ಯಾಡ್ರಿ

ಬಾಗಲಕೋಟಿ ಮಂದಿ, ಅದ್ರಾಗೂ ಮನಿಯಾಗ ಕುಂತು ಲ್ಯಾಪ್‌ಟಾಪಿನ್ಯಾಗ ಕೆಲಸ ಮಾಡಾವ್ರು, ಇದನ್ನ ಪೂರ್ತಿ ಓದ್ರಿ. ಬ್ಯಾಸಿಗಿ ಬಂತಂದ್ರ ಅಂಗಡ್ಯಾಗ ಕೂಲಿಂಗ್ ಸ್ಟ್ಯಾಂಡ್ ಅಂತ ಏನೇನೋ ಮಾರ್ತಾರ, ಅದ್ರಾಗ ಒಂದು ನಮೂನಿ ಸ್ಟ್ಯಾಂಡ್‌ನಿಂದ ನನ್ನ ತಮ್ಮನ ಲ್ಯಾಪ್‌ಟಾಪ್ ಹಾಳಾತು.

ಅಂವ ಸಿವಿಲ್ ಇಂಜಿನಿಯರಿಂಗ್ ಓದ್ತಾನ, ನಕ್ಷಾ ತಗಿಯೂ ಸಾಫ್ಟ್‌ವೇರ್ ಆಟೋಕ್ಯಾಡ್ ಚಾಲೂ ಮಾಡಿದ್ರ ಸಾಕು ಫ್ಯಾನ್ ಒದರಾಕ ಹತ್ತತಿತ್ತು. ನವನಗರದಾಗ ಒಂದು ಅಂಗಡಿಗೆ ಹೋಗಿ ಕೇಳಿದ್ರ "ಇದರ ಮ್ಯಾಲ ಇಡ್ರಿ ಸರ, ಹತ್ತು ಡಿಗ್ರಿ ಇಳೀತೈತಿ" ಅಂತ ಒಂದು ಸ್ಟ್ಯಾಂಡ್ ಕೊಟ್ರಂತ. ನೋಡಾಕ ಛಲೋನ ಇತ್ತು, ಹಿಂದ ಎತ್ತರ, ಮುಂದ ತಗ್ಗು. ಆದ್ರ ಹಲಗಿಗೆ ಒಂದ ತೂತೂ ಇಲ್ಲ, ಮ್ಯಾಲ ದಪ್ಪನ ಕರೇ ಫೋಮ್ ಬ್ಯಾರೆ ಅಂಟಿಸಿದ್ರು.

ಭಾಳಷ್ಟು ಲ್ಯಾಪ್‌ಟಾಪ್ ತಳದಾಗಿನ ಜಾಲರಿಯಿಂದ ಗಾಳಿ ಎಳಕೊಂಡು ಹಿಂದ ಸ್ಕ್ರೀನಿನ ಬುಡಕ ಇಲ್ಲಾ ಮಗ್ಗಲಕ ಬಿಸಿ ಗಾಳಿ ಬಿಡ್ತಾವ, ತಳದಾಗ ರಬ್ಬರ್ ಕಾಲು ಕೊಟ್ಟಿರೂದ ಆ ಗಾಳಿಗೆ ಸಂದಿ ಇರ್ಲಿ ಅಂತ. ಮೆತ್ತನ್ನ ಫೋಮಿನ್ಯಾಗ ಆ ಕಾಲು ಹುಗದು ಜಾಲರಿ ಪೂರ್ತಿ ಮುಚ್ಚಿತು. ರೊಕ್ಕ ಕೊಟ್ಟು ಮೂಗು ಮುಚ್ಚಿಸ್ಕೊಂಡಂಗ ಆತು. ಬರೇ ಟೇಬಲ್ ಮ್ಯಾಲ ಇಟ್ಟಿದ್ರ ಸಿಗೂ ಗಾಳಿನೂ ಸಿಗಲಿಲ್ಲ.

ಪ್ರೊಸೆಸರಿನ ಬಿಸಿ ಎಷ್ಟೈತಿ ಅಂತ ತೋರ್ಸೂ ಕೋರ್ ಟೆಂಪ್ ಅನ್ನೂ ಸಾಫ್ಟ್‌ವೇರ್ ಹಾಕಿ ನೋಡಿದ್ರ ಪ್ರೊಸೆಸರ್ 100 ಡಿಗ್ರಿ ಹತ್ರ ಹೋಗಿತ್ತು. ಇಂಟೆಲ್ಲಿನ ಭಾಳಷ್ಟು ಲ್ಯಾಪ್‌ಟಾಪ್ ಪ್ರೊಸೆಸರಿಗೆ ಅದ ಕಡೀ ಮಿತಿ, ಅಲ್ಲಿ ಮುಟ್ಟಿದ್ರ ತಾನ ಸ್ಪೀಡ್ ಇಳಿಸ್ಕೋತೈತಿ, ಅದಕ್ಕೂ ಬಗ್ಗಲಿಲ್ಲಂದ್ರ ಬಂದ್ ಬೀಳ್ತೈತಿ. ಹಂಗ ಬಂದ್ ಬಿದ್ದು ಡ್ರಾಯಿಂಗ್ ಹೋತು. ಎತ್ತಿ ನೋಡಿದ್ರ ಫೋಮಿನ ಗಮ್ ಕರಗಿ ತಳಕ್ಕ ಅಂಟಿತ್ತು, ರಿಪೇರಿ ಮಾಡಾಂವ ಬಿಚ್ಚಿ ಫ್ಯಾನಿನ ರೆಕ್ಕಿಯಾಗಿಂದ ಚಿಮಟದ್ಲೆ ಕರೇ ಚೂರು ಒಂದೊಂದ ಆರಿಸಿ ತಗದ, ಅದ್ರ ಕೂಡ ನಮ್ಮೂರ ಧೂಳಿನ ಗಡ್ಡಿ ಬ್ಯಾರೆ. ಫ್ಯಾನ್ ಹೊಸಾದ ಹಾಕಿಸ್ಬೇಕಾತು. ಟಚ್‌ಪ್ಯಾಡ್ ಒಂದು ಮೂಲಿಗೆ ಎದ್ದಿತ್ತು, ಅಂದ್ರ ಕೆಳಗ ಬ್ಯಾಟರಿ ಉಬ್ಬಿತ್ತು. ಅಂಗಡಿಯಾಂವ ಮಾತ್ರ "ನಿಮ್ಮ ಫ್ಯಾನ್ ಮೊದ್ಲ ಕೆಟ್ಟಿತ್ತು" ಅಂತ ಸ್ಟ್ಯಾಂಡೂ ವಾಪಸ್ ತಗೊಳ್ಳಿಲ್ಲ, ಇದು ಭಾಳ ಅನ್ಯಾಯ.

ಲ್ಯಾಪ್‌ಟಾಪ್ ಎತ್ತರಿಸೂದು ತಪ್ಪಲ್ಲ, ಎತ್ತರಿಸಬೇಕ. ಆಪಲ್‌ನವ್ರು ಮ್ಯಾಕ್‌ಬುಕ್ಕಿಗೆ 10ರಿಂದ 35 ಡಿಗ್ರಿ ಒಳಗಿನ ಜಾಗಾನ ಹೇಳ್ತಾರ, ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಆಗ್ತೈತಿ, ಇನ್ನ ಖೋಲಿ ಗಾಳಿನ ಬಿಸಿ ಇದ್ದಾಗ ಯಾವ ಸ್ಟ್ಯಾಂಡೂ ಅದಕ್ಕಿಂತ ತಂಪು ಮಾಡಂಗಿಲ್ಲ, ಗಾಳಿಗೆ ದಾರಿ ಅಷ್ಟ ಬಿಡ್ತೈತಿ. ಅದಕ್ಕ ಬರೇ ಎರಡು ಪಟ್ಟಿ ಮ್ಯಾಲ ಕುಂದ್ರೂ, ನಡುವ ಪೂರ್ತಿ ತೆರದಿರೂ ಸ್ಟ್ಯಾಂಡ್ ತಗೋರಿ. ಅದೂ ಬ್ಯಾಡಂದ್ರ ಹಿಂದಿನ ಎರಡು ಕಾಲಿಗೆ ಬಾಟ್ಲಿ ಮುಚ್ಚಳ ಇಟ್ರೂ ನಡೀತೈತಿ, ಜಾರಬಾರ್ದಷ್ಟ. ಫ್ಯಾನ್ ಇರೂ ಕೂಲಿಂಗ್ ಪ್ಯಾಡ್ ಇದ್ರ ಗಾಳಿ ಮ್ಯಾಲ ಬರ್ತೈತೋ ಕೆಳಗ ಎಳೀತೈತೋ ಕಾಗದದ ಚೂರು ಹಿಡದು ನೋಡ್ರಿ, ಕೆಳಗ ಎಳೂದಿದ್ರ ಅದು ಲ್ಯಾಪ್‌ಟಾಪಿನ ಫ್ಯಾನಿಗೆ ಉಲ್ಟಾ. ಅಂಗಡಿಗೆ ಲ್ಯಾಪ್‌ಟಾಪ್ ಒಯ್ದು ಮ್ಯಾಲ ಇಟ್ಟು, ಜಾಲರಿ ಮುಚ್ಚತೈತೇನು ನೋಡಿ ಆಮ್ಯಾಲ ರೊಕ್ಕ ಕೊಡ್ರಿ.

ಯಾರದಾದ್ರೂ ಟಚ್‌ಪ್ಯಾಡ್ ಎದ್ದಿದ್ರ, ತಳ ಉಬ್ಬಿದ್ರ ಇವತ್ತ ಬಂದ್ ಮಾಡಿ ಚಾರ್ಜರ್ ತಗೀರಿ. ಒತ್ತಿ ಕೂಡ್ಸಾಕ ಹೋಗಬ್ಯಾಡ್ರಿ, ಚುಚ್ಚಬ್ಯಾಡ್ರಿ, ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಮೊದ್ಲ ಬ್ಯಾಟರಿ ಬಿಚ್ಚಿಸ್ರಿ, ಸ್ಟ್ಯಾಂಡಿನ ಮಾತು ಆಮ್ಯಾಲ.