ಸಂಧಾನ ಕಲಿಸುವ ಕಿಟ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಬೇಲಿ ಜಗಳ, ನೀರಿನ ತಕರಾರು ಸ್ಟೇಷನ್ ಮೆಟ್ಟಿಲು ಹತ್ತುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸಲು ನಮ್ಮಲ್ಲೇ ನಾಲ್ಕು ಜನ ತಯಾರಾದರೆ ಹೇಗೆ? ಸಾಗರದ ಕಡೆಯ ನಮ್ಮ ಮಹಿಳಾ ಸಂಘಕ್ಕೆ ಈ ಯೋಚನೆ ಬಂದದ್ದೇ ತಡ, ಫೋನಿನಲ್ಲಿ ಜಾಹೀರಾತು ಕಂಡಿತು. ಕನ್ನಡದಲ್ಲೇ ಪುಸ್ತಕ, ಚಟುವಟಿಕೆ ಕಾರ್ಡು, ವಿಡಿಯೊ, ಕೊನೆಗೆ ‘ಅಧಿಕೃತ ಮಧ್ಯಸ್ಥಗಾರ’ ಎಂಬ ಪ್ರಮಾಣಪತ್ರ. 4,500 ರೂಪಾಯಿ. ಸಂಘದ ಉಳಿತಾಯದಿಂದ ತೆಗೆದು ಕಟ್ಟಿದವಳು ನಾನೇ.

ಮೊದಲ ಪಾಠದ ಹೆಸರು ‘ಮಂಜುಗಡ್ಡೆಯನ್ನು ಒಡೆಯಿರಿ’. ಆರಿದ್ರಾ ಮಳೆಯಲ್ಲಿ ಮಂಜುಗಡ್ಡೆ ಎಲ್ಲಿಂದ ತರುವುದು ಮಾರಾಯ್ರೆ! ಅದು ಇಂಗ್ಲಿಷಿನ ‘ಐಸ್ ಬ್ರೇಕರ್’, ಅಂದರೆ ಪರಿಚಯದ ಆಟ ಅಂತ ಆಮೇಲೆ ಹೊಳೆಯಿತು. ಉದಾಹರಣೆಗಳೋ, ಅಪಾರ್ಟ್‌ಮೆಂಟಿನ ಪಾರ್ಕಿಂಗ್, ರಾತ್ರಿ ಬೊಗಳುವ ಪಕ್ಕದ ಮನೆ ನಾಯಿ. ನಮ್ಮಲ್ಲಿ ನಾಯಿ ಬೊಗಳದಿದ್ದರೆ ಚಿರತೆ ಒಯ್ದಿತೇನೋ ಅಂತ ಗಾಬರಿ.

ಇದನ್ನು ನಕ್ಕು ಬಿಡಬಹುದಿತ್ತು. ಆದರೆ ಒಂದು ಕಡೆ ಮಧ್ಯಸ್ಥರು ತೀರ್ಪು ಕೊಡಬಾರದು, ಒಪ್ಪಂದ ಇಬ್ಬರದ್ದೇ ಆಗಿರಬೇಕು ಅಂತ ಸರಿಯಾಗಿ ಬರೆದು, ಮುಂದೆ ‘ಮಧ್ಯಸ್ಥರ ತೀರ್ಪಿಗೆ ಇಬ್ಬರೂ ಬದ್ಧರು’ ಎಂದಿದ್ದಾರೆ. ಅದು ಆರ್ಬಿಟ್ರೇಶನ್, ಮೂರನೆಯವರು ತೀರ್ಪು ಕೊಡುವ ಬೇರೆಯೇ ಪದ್ಧತಿ. ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿಟ್ಟಿದ್ದಾರೆ.

ದೊಡ್ಡ ಎಡವಟ್ಟಾದದ್ದು ಏಳನೇ ಕಾರ್ಡಿನಿಂದ. ‘ನಿಮ್ಮ ಊರಿನ ನಿಜವಾದ ಜಗಳವೊಂದನ್ನು ಆರಿಸಿ ಅಭಿನಯಿಸಿ.’ ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಗಡಿಯ ವಿಚಾರಕ್ಕೆ ಮೂರು ವರ್ಷದಿಂದ ಮಾತು ಬಿಟ್ಟ ಎರಡು ಮನೆಗಳಿವೆ. ನಾವು ಅದನ್ನೇ ಆರಿಸಿಕೊಂಡೆವು. ಹೆಸರು ಬದಲಿಸಿದ್ದೆವು ಅನ್ನಿ. ಮೂವತ್ತು ಮನೆಯ ಊರಲ್ಲಿ ಹೆಸರು ಬದಲಿಸಿ ಏನು ಬಂತು? ಪಾತ್ರ ಮಾಡಿದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಮನೆಯ ಅತ್ತಿಗೆಯ ಹಾಗೇ ಗಂಟಲು ಕೆರೆದು, ‘ಬೆಟ್ಟ ನಮ್ಮಜ್ಜ ಕಾಯ್ದಿದ್ದು’ ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಾನೂ.

ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಸುದ್ದಿ ಮುಟ್ಟಿತ್ತು. ಮರುದಿನ ಅತ್ತಿಗೆ ಬಂದರು. ಜಗುಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, ‘ನಮ್ಮನೆ ರಗಳೆ ನಿಮಗೆ ನಾಟಕವಾ ತಂಗಿ?’ ಅಂದರು. ವಾರದೊಳಗೆ ದರಕಿನ ವಿಷಯ ಪೊಲೀಸ್ ದೂರಾಯಿತು. ಗೌಪ್ಯತೆಯ ಬಗ್ಗೆ ಇಡೀ ಪುಸ್ತಕದಲ್ಲಿ ಇರುವುದು ಒಂದೇ ಸಾಲು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಅದಕ್ಕೆ ಪ್ರತ್ಯೇಕ ಕಲಮೇ ಇದೆ.

ಆಮೇಲೆ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋದೆ. ಈ ಪ್ರಮಾಣಪತ್ರ ಗೋಡೆಗೆ ಹಾಕಲಷ್ಟೇ ಆಗುತ್ತದೆ, ಕೋರ್ಟಿನ ಮಧ್ಯಸ್ಥಿಕೆಗೆ 40 ಗಂಟೆಯ ತರಬೇತಿ ಬೇಕು ಅಂದರು. ಅಭ್ಯಾಸಕ್ಕೆ ಯಾವತ್ತೂ ಕಟ್ಟುಕತೆಯ ಜಗಳವನ್ನೇ ಕೊಡುತ್ತಾರಂತೆ. ಎರಡೂ ಕಡೆಯ ಪಾತ್ರಧಾರಿಗಳಿಗೆ ಬೇರೆ ಬೇರೆ ಗುಟ್ಟಿನ ಚೀಟಿ ಇರುತ್ತದೆ. ಮಧ್ಯಸ್ಥರ ಪಾತ್ರದವರು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮಾತಾಡಿಸಿ ಆ ಗುಟ್ಟು ಹೊರಡಿಸಬೇಕು. ಹಾಗಾಗಿ ಕಿಟ್ ಮಾರುವವರ ಹತ್ತಿರ ಮೊದಲು ಒಂದು ಅಭಿನಯದ ಕಾರ್ಡಿನ ಫೋಟೊ ಕೇಳಿ. ಚೀಟಿ ಇಲ್ಲದಿದ್ದರೆ, ‘ನಿಜವಾದ ಜಗಳ’ ಅಂತ ಇದ್ದರೆ, ಅಲ್ಲಿಗೇ ಬಿಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ, ಕಟ್ಟು ಬಿಚ್ಚಿದ ಮೇಲೆ ಕೊಡುವುದಿಲ್ಲ ಅಂದರು. ಅತ್ತಿಗೆ ಸಂಘಕ್ಕೆ ಬರುತ್ತಿಲ್ಲ, ಕಂತನ್ನು ಮಗಳ ಕೈಲಿ ಕಳಿಸುತ್ತಾರೆ.