17 ತಿಂಗಳು ಕಾಯಿಸಿದ ಫಾಸ್ಟ್ ಚಾರ್ಜಿಂಗ್ ಸ್ಟೇಷನ್: ಬಳಸಿ ನೋಡಿದ ಮೇಲೆ

ಐದಕ್ಕೆ ಮೂರು ಅಂಕ. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ದಾರಿ ಮಧ್ಯೆ ಎಲೆಕ್ಟ್ರಿಕ್ ಕಾರು ನಿಲ್ಲಿಸಿಕೊಂಡು ಇದನ್ನು ಓದುವವರಿಗೆ ಅಷ್ಟೇ ಬೇಕಿರುತ್ತದೆ. ಹೋಗಿ, ಚಾರ್ಜ್ ಆಗುತ್ತದೆ. ಎಡಗಡೆಯ ಮೊದಲನೇ ಮೆಷಿನ್ ಬಿಟ್ಟು ಉಳಿದ ಮೂರೂ ಚೆನ್ನಾಗಿವೆ. ಕಳೆದ ಎರಡು ಅಂಕದಲ್ಲಿ ಒಂದು ಆ ಮೆಷಿನ್ನಿಗೆ, ಇನ್ನೊಂದು ಇದು ಶುರುವಾಗಲು ತೆಗೆದುಕೊಂಡ 17 ತಿಂಗಳಿಗೆ. ಆ ಎರಡನೇ ಅಂಕದ ಬಗ್ಗೆ ನನಗೆ ಜಾಸ್ತಿ ಹೇಳುವುದಿದೆ.

ಅಪ್ಪ ಅಮ್ಮನನ್ನು ನೋಡಲು ತಿಂಗಳಿಗೆ ಎರಡು ಸಲ ನಾನು ಈ ಹೆದ್ದಾರಿಯಲ್ಲಿ ಹೋಗುತ್ತೇನೆ. ಹಾಗಾಗಿ ಈ ಸ್ಟೇಷನ್ ಹುಟ್ಟಿದ್ದನ್ನು ಮೊದಲಿಂದ ನೋಡಿದ್ದೇನೆ. ಮೊದಲು ಬಂದದ್ದು ಬೋರ್ಡು: 'ಶೀಘ್ರದಲ್ಲೇ ಫಾಸ್ಟ್ ಚಾರ್ಜಿಂಗ್'. ಎರಡೇ ತಿಂಗಳಲ್ಲಿ ಮೇಲೆ ಶೀಟು ಹಾಕಿದರು, ನೆಲಕ್ಕೆ ಹಸಿರು ಬಣ್ಣ ಬಳಿದರು, ನಾಲ್ಕು ಮೆಷಿನ್ ತಂದು ನಿಲ್ಲಿಸಿದರು. ನನಗೆ ಎಷ್ಟು ಖುಷಿಯಾಯಿತು ಅಂದ್ರೆ ಕಾರು ನಿಲ್ಲಿಸಿ ಇಳಿದು ಫೋಟೋ ತೆಗೆದು ಮನೆಗೆ ಕಳಿಸಿದೆ. ಆಮೇಲೆ 15 ತಿಂಗಳು ಏನೂ ಇಲ್ಲ. ಮೆಷಿನ್ನಿಗೆ ಸುತ್ತಿದ್ದ ಪ್ಲಾಸ್ಟಿಕ್ ಬಿಸಿಲಿಗೆ ಒಣಗಿ, ಹರಿದು, ಗಾಳಿ ಬಂದಾಗಲೆಲ್ಲ ಪಟಪಟ ಅನ್ನುತ್ತಿತ್ತು. ಬೋರ್ಡಿನ ಬಣ್ಣ ಮಾಸಿತು. ಹಸಿರು ನೆಲದ ಮೇಲೆ ಲಾರಿಗಳು ನಿಲ್ಲಲು ಶುರುವಾದವು.

ಈ ನಡುವೆ ಒಂದು ರಾತ್ರಿ ಇಲ್ಲಿ ಪೇಚಿಗೆ ಸಿಕ್ಕಿಕೊಂಡೆ. ಕಂಪನಿಯ ಆ್ಯಪಿನಲ್ಲಿ ಈ ಜಾಗಕ್ಕೆ ಹಸಿರು ಗುರುತು ಬಂದಿತ್ತು. ಹಸಿರು ಅಂದ್ರೆ ಚಾರ್ಜರ್ ಖಾಲಿ ಇದೆ, ಬನ್ನಿ ಅಂತ ಅರ್ಥ. ನಾನು ನಂಬಿದೆ. ಶೇಕಡಾ 18 ಬ್ಯಾಟರಿ ಇಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು, ಒಳಗೆ ಬಂದು ನೋಡಿದರೆ ಒಂದು ದೀಪವೂ ಇಲ್ಲ. ಕಾವಲಿಗಿದ್ದವರು ಎದ್ದು ಬಂದರು.

'ಮೆಷಿನ್ ಎಲ್ಲಾ ರೆಡಿ ಇದೆ ಸರ್, ಟಿ.ಸಿ. ಬಂದಿಲ್ಲ ಅಷ್ಟೇ.'

'ಯಾವಾಗ ಬರುತ್ತಣ್ಣ?'

'ಅರ್ಜಿ ಕೊಟ್ಟಿದ್ದಾರಂತೆ ಸರ್. ನಿಮ್ಮ ಥರ ದಿನಾ ಇಬ್ಬರು ಮೂವರು ಬಂದು ವಾಪಸ್ ಹೋಗ್ತಾರೆ.'

ಮುಂದಿನ ಚಾರ್ಜರ್ 55 ಕಿಲೋಮೀಟರ್ ದೂರ. ಎ.ಸಿ. ಆರಿಸಿ, 60ರ ಮೇಲೆ ಹೋಗದೆ, ಲಾರಿಗಳು ಹಾರ್ನ್ ಹೊಡೆದುಕೊಂಡು ಮುಂದೆ ಹೋಗುತ್ತಿರುವಾಗ ಬಲಗಡೆ ಕಾಣುವ ಆ ಶೇಕಡಾವಾರು ಅಂಕಿ ಒಂದನ್ನೇ ನೋಡುತ್ತಾ ಓಡಿಸಿದೆ. ತಲುಪಿದಾಗ 5 ಉಳಿದಿತ್ತು. ಇಲ್ಲದ ಚಾರ್ಜರನ್ನು ಇದೆ ಅಂತ ತೋರಿಸುವುದು ಸಣ್ಣ ತಪ್ಪಲ್ಲ. ಪೆಟ್ರೋಲ್ ಕಾರಾದರೆ ಕ್ಯಾನಿನಲ್ಲಿ ತಂದು ಹಾಕಬಹುದು, ಇದಕ್ಕೆ ಟೋಯಿಂಗ್ ಗಾಡಿಯೇ ಬರಬೇಕು.

ಟಿ.ಸಿ. ಅಂದ್ರೆ ಟ್ರಾನ್ಸ್‌ಫಾರ್ಮರ್. ಎಲ್ಲಾ ತಡ ಇಲ್ಲಿಂದಲೇ ಶುರುವಾಗೋದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಹಾಕುವ ಚಾರ್ಜರ್ ಸುಮಾರು 7 ಕಿಲೋವಾಟಿನದು. ಗೋಡೆಯಿಂದ ಬರುವ ಎ.ಸಿ. ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿ.ಸಿ.ಗೆ ಬದಲಿಸುವ ಕೆಲಸ ಕಾರಿನೊಳಗಿನ ಪುಟ್ಟ ಪೆಟ್ಟಿಗೆಯದು, ಆದ್ದರಿಂದ ಅದು ನಿಧಾನ. ಫಾಸ್ಟ್ ಚಾರ್ಜರಿನಲ್ಲಿ ಆ ಕೆಲಸ ಹೊರಗಿನ ದೊಡ್ಡ ಮೆಷಿನ್ನೇ ಮಾಡಿ ನೇರ ಬ್ಯಾಟರಿಗೆ ಡಿ.ಸಿ. ಕಳಿಸುತ್ತದೆ. ಇಲ್ಲಿರುವುದು 150 ಕಿಲೋವಾಟಿನ ನಾಲ್ಕು ಮೆಷಿನ್. ನಾಲ್ಕೂ ಒಟ್ಟಿಗೆ ಓಡಿದರೆ 600 ಕಿಲೋವಾಟ್. ಒಂದು ಮನೆಗೆ 5 ಕಿಲೋವಾಟ್ ಅಂತ ಹಿಡಿದರೂ 120 ಮನೆಯ ಲೋಡು. ರಸ್ತೆ ಬದಿಯ ಕಂಬದಿಂದ ಒಂದು ವೈರ್ ಎಳೆದು ಕೊಡುವ ವಿಷಯ ಅಲ್ಲ ಇದು. ಹತ್ತಿರದ ಸಬ್‌ಸ್ಟೇಷನ್ನಿನಲ್ಲಿ ಅಷ್ಟು ಕರೆಂಟು ಮಿಕ್ಕಿದೆಯಾ ನೋಡಬೇಕು, ಹೈ ಟೆನ್ಷನ್ ಲೈನ್ ಎಳೆಯಬೇಕು, ಅದು ಯಾರ ಜಮೀನಿನ ಮೇಲೆ ಹೋಗುತ್ತದೋ ಅವರನ್ನು ಒಪ್ಪಿಸಬೇಕು, ರಸ್ತೆ ಅಗೆಯಲು ಬೇರೆ ಅನುಮತಿ ತರಬೇಕು, ಟ್ರಾನ್ಸ್‌ಫಾರ್ಮರ್ ಆರ್ಡರ್ ಮಾಡಬೇಕು. ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಹೋದ ತಕ್ಷಣ ಸಿಗುವ ವಸ್ತುವೂ ಅಲ್ಲ. ಅದರ ತಿರುಳಿಗೆ ಬೇಕಾದ ವಿಶೇಷ ಉಕ್ಕನ್ನು ತಯಾರಿಸುವ ಕಾರ್ಖಾನೆಗಳು ಪ್ರಪಂಚದಲ್ಲೇ ಕಡಿಮೆ. ಕೊರೋನಾ ನಂತರ ಎಷ್ಟೋ ಕಡೆ ಒಂದು ವರ್ಷ, ಅದಕ್ಕೂ ಹೆಚ್ಚು ಕಾಯಬೇಕಾಗಿ ಬಂದಿದೆ.

ಇದೆಲ್ಲ ನನಗೆ ಅರ್ಥವಾಗುತ್ತದೆ. ಅರ್ಥವಾಗದೇ ಇರೋದು ಕೆಲಸ ಮಾಡಿದ ಕ್ರಮ. ಸ್ಟೇಷನ್ ಶುರುವಾದ ವಾರ ಅಲ್ಲಿ ವೈರಿಂಗ್ ನೋಡಿಕೊಂಡವರು ಸಿಕ್ಕಿದ್ದರು. ಲೋಡಿಗೆ ಅರ್ಜಿ ಹಾಕಿದ್ದು ಮೆಷಿನ್ ಬಂದ ಮೇಲೆ ಅಂದರು. ಕೇಳಿ ಬೇಜಾರಾಯಿತು. ಕಣ್ಣಿಗೆ ಕಾಣುವುದನ್ನೆಲ್ಲ ಎರಡು ತಿಂಗಳಲ್ಲಿ ಮುಗಿಸಿದ್ದಾರೆ, ಎಲ್ಲಕ್ಕಿಂತ ನಿಧಾನವಾದ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಶುರು ಮಾಡಿದ್ದಾರೆ. ಜಾಗ ಗೊತ್ತಾದ ದಿನವೇ ಆ ಅರ್ಜಿ ಹೋಗಿದ್ದರೆ ಎಷ್ಟೋ ತಿಂಗಳು ಉಳಿಯುತ್ತಿತ್ತು.

ದುಡ್ಡಿಲ್ಲದೆ ಹೀಗಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಬರೀ ದುಡ್ಡಿನ ಮಾತಲ್ಲ ಇದು. ಅಮೆರಿಕದಲ್ಲಿ 2021ರ ನವೆಂಬರಿನಲ್ಲಿ ಬಂದ ಕಾನೂನಿನಲ್ಲಿ ಹೆದ್ದಾರಿ ಚಾರ್ಜಿಂಗಿಗೆ ಅಂತಲೇ 500 ಕೋಟಿ ಡಾಲರ್ ತೆಗೆದಿಟ್ಟರು. ಆ ದುಡ್ಡಿನ ಮೊದಲ ಸ್ಟೇಷನ್ ಒಹಾಯೊದಲ್ಲಿ ಶುರುವಾದದ್ದು 2023ರ ಡಿಸೆಂಬರಿನಲ್ಲಿ. ಎರಡು ವರ್ಷ! ರಾಜ್ಯಗಳು ಯೋಜನೆ ಬರೆದು, ಅದಕ್ಕೆ ಒಪ್ಪಿಗೆ ಪಡೆದು, ಟೆಂಡರ್ ಕರೆದು, ಆಮೇಲೆ ಕರೆಂಟಿಗೆ ಹೋಗಬೇಕಿತ್ತು. ನಂತರ 2025ರಲ್ಲಿ ಸರ್ಕಾರ ಬದಲಾಗಿ ಕೆಲವು ತಿಂಗಳು ಹೊಸ ಸ್ಟೇಷನ್ನುಗಳಿಗೆ ದುಡ್ಡು ಕೊಡುವುದೇ ನಿಂತು ಹೋಯಿತು. ಇಂಗ್ಲೆಂಡಿನಲ್ಲೂ ಅಷ್ಟೇ, 2023 ಮುಗಿಯುವುದರೊಳಗೆ ಮೋಟರ್‌ವೇ ಬದಿಯ ಪ್ರತಿಯೊಂದು ತಂಗುದಾಣದಲ್ಲೂ ಕನಿಷ್ಠ ಆರು ವೇಗದ ಚಾರ್ಜರ್ ಅಂದಿದ್ದರು, ಆ ಗುರಿ ಮುಟ್ಟಲಿಲ್ಲ. ಯುರೋಪಿಯನ್ ಒಕ್ಕೂಟದ ಕಾನೂನು ಸ್ವಲ್ಪ ಬಿಗಿಯಾಗಿದೆ: ಮುಖ್ಯ ಹೆದ್ದಾರಿಗಳಲ್ಲಿ 60 ಕಿಲೋಮೀಟರಿಗೊಂದು ಸ್ಟೇಷನ್, ಅಲ್ಲಿ ಒಟ್ಟು 400 ಕಿಲೋವಾಟ್, ಅದರಲ್ಲಿ ಒಂದು ಚಾರ್ಜರಾದರೂ 150ರದ್ದು, 2025ರ ಕೊನೆಯೊಳಗೆ. ಹೀಗೆ ತಾರೀಕು, ದೂರ, ಕಿಲೋವಾಟ್ ಮೂರನ್ನೂ ಬರೆದಿಟ್ಟರೆ ಕೇಳುವವರಿಗೆ ಒಂದು ಆಧಾರ ಸಿಗುತ್ತದೆ. 'ಶೀಘ್ರದಲ್ಲೇ' ಅನ್ನುವುದನ್ನು ಹಿಡಿದುಕೊಂಡು ಯಾರನ್ನು ಏನಂತ ಕೇಳುವುದು?

ಸರಿ, ಈಗ ಸ್ಟೇಷನ್ ವಿಷಯಕ್ಕೆ. ಶುರುವಾದ ಮೇಲೆ ಇದುವರೆಗೆ ಏಳು ಸಲ ಬಳಸಿದ್ದೇನೆ.

ಜಾಗ ಒಳ್ಳೆಯದು. ರಾತ್ರಿ ಬೆಳಕು ಚೆನ್ನಾಗಿದೆ, ಮಳೆಯಲ್ಲಿ ನೆನೆಯದೆ ಗನ್ (ಕೇಬಲ್ ತುದಿಯಲ್ಲಿರುವ, ಕಾರಿಗೆ ತಗುಲಿಸುವ ಪ್ಲಗ್) ಹಾಕಬಹುದು, ಶೌಚಾಲಯ ಹತ್ತಿರವೇ ಇದೆ, ಕ್ಲೀನ್ ಆಗಿದೆ. ಒಬ್ಬರೇ ಹೆಂಗಸರು ರಾತ್ರಿ ಚಾರ್ಜ್ ಮಾಡಲು ನಿಂತರೂ ಹೆದರಿಕೆ ಅನ್ನಿಸದ ಹಾಗಿದೆ, ಇದಕ್ಕೆ ನನ್ನ ಪೂರ್ತಿ ಮೆಚ್ಚುಗೆ ಇದೆ. ಕಾವಲಿನ ಅಣ್ಣ ಇನ್ನೂ ಅವರೇ. ಹೊಸಬರಿಗೆ ಕಾರ್ಡ್ ಎಲ್ಲಿ ತೋರಿಸಬೇಕು, ಗನ್ ಹೇಗೆ ಹಿಡಿಯಬೇಕು ಅಂತ ತಾವೇ ಬಂದು ಹೇಳಿಕೊಡುತ್ತಾರೆ.

ವೇಗಕ್ಕೂ ಒಳ್ಳೆಯ ಮಾತೇ. ನನ್ನ ಕಾರಿನದು 60 ಕಿಲೋವಾಟ್ ಅವರ್ ಬ್ಯಾಟರಿ, ಹೆಚ್ಚೆಂದರೆ 100 ಕಿಲೋವಾಟ್ ತೆಗೆದುಕೊಳ್ಳುತ್ತದೆ. ಕಳೆದ ಸಲ ಬ್ಯಾಟರಿ ಶೇಕಡಾ 14 ಇದ್ದಾಗ ಹಾಕಿದೆ. ಎರಡು ನಿಮಿಷಕ್ಕೆ ವೇಗ 98 ಕಿಲೋವಾಟಿಗೆ ಏರಿತು, ಅರ್ಧ ತುಂಬುವವರೆಗೂ ಹೆಚ್ಚು ಕಡಿಮೆ ಅಲ್ಲೇ ಇತ್ತು, ಬ್ಯಾಟರಿ ಶೇಕಡಾ 70 ದಾಟಿದಾಗ 60 ಕಿಲೋವಾಟಿಗೆ ಇಳಿಯಿತು. 31 ನಿಮಿಷಕ್ಕೆ ಬ್ಯಾಟರಿ ಶೇಕಡಾ 80. ಅಲ್ಲಿಂದ ಮುಂದೆ ಬ್ಯಾಟರಿಯೇ ತನ್ನನ್ನು ಕಾಪಾಡಿಕೊಳ್ಳಲು ನಿಧಾನ ಮಾಡುತ್ತದೆ, ಮೆಷಿನ್ನಿನ ತಪ್ಪಲ್ಲ. ದಯವಿಟ್ಟು 80ಕ್ಕೆ ತೆಗೆದು ಹಿಂದಿನವರಿಗೆ ಜಾಗ ಬಿಡಿ, ಉಳಿದ 20 ತುಂಬಲು ಮತ್ತೆ ಅಷ್ಟೇ ಹೊತ್ತು ಬೇಕಾಗುತ್ತದೆ. ಇನ್ನೊಂದು ವಿಷಯ: ಒಂದೊಂದು ಮೆಷಿನ್ನಿಗೆ ಎರಡೆರಡು ಗನ್ ಇದೆ. ಒಂದೇ ಮೆಷಿನ್ನಿಗೆ ಎರಡು ಕಾರು ಹಾಕಿದರೆ 150 ಎರಡು ಪಾಲಾಗಿ 75 ಆಗುತ್ತದೆ. ಪಕ್ಕದ ಮೆಷಿನ್ ಖಾಲಿ ಇದ್ದರೆ ಅಲ್ಲಿಗೆ ಹೋಗಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಬಹುದಿತ್ತು, ಎಲ್ಲೂ ಬರೆದಿಲ್ಲ.

ಗನ್ ಭಾರ ಇದೆ, ಕೇಬಲ್ ಅದಕ್ಕಿಂತ ಭಾರ. ತಗುಲಿಸಿ ಕೈ ಬಿಟ್ಟರೆ ಭಾರಕ್ಕೆ ಸ್ವಲ್ಪ ಕೆಳಗೆ ಬಾಗಿ ಒಳಗಿನ ಪಿನ್ನು ಸರಿಯಾಗಿ ಕೂರುವುದಿಲ್ಲ. ಸ್ಕ್ರೀನಿನಲ್ಲಿ ಎರರ್ ಬಂದರೆ ಗಾಬರಿಯಾಗಬೇಡಿ, ತೆಗೆದು ಮತ್ತೆ ಹಾಕಿ, 'ಟಕ್' ಅಂತ ಲಾಕ್ ಆಗಿ ಚಾರ್ಜಿಂಗ್ ಶುರುವಾಗುವವರೆಗೆ ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದುಕೊಳ್ಳಿ. ನನಗೆ ಎರಡು ಸಲ ಹೀಗೆ ಮಾಡಿದ ಮೇಲೇ ಕೆಲಸ ಆಗಿದೆ.

ಇನ್ನು ಆ ಎಡಗಡೆಯ ಮೆಷಿನ್. ಏಳು ಸಲದಲ್ಲಿ ಏಳು ಸಲವೂ ಸ್ಕ್ರೀನ್ ಕಪ್ಪು. ಸಹಾಯವಾಣಿಗೆ ಮೂರು ಸಲ ದೂರು ಕೊಟ್ಟೆ. ಪ್ರತಿ ಸಲ ನಂಬರ್ ಬರುತ್ತದೆ, ಎರಡು ದಿನಕ್ಕೆ 'ದೂರು ಬಗೆಹರಿದಿದೆ' ಅಂತ ಮೆಸೇಜೂ ಬರುತ್ತದೆ, ಮೆಷಿನ್ ಮಾತ್ರ ಹಾಗೇ ಇದೆ. ಇದು ಇಲ್ಲಿಯ ಒಂದು ಮೆಷಿನ್ನಿನ ಕಥೆಯಷ್ಟೇ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ 657 ಫಾಸ್ಟ್ ಚಾರ್ಜಿಂಗ್ ಗನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಕೆಲಸ ಮಾಡುತ್ತಿದ್ದದ್ದು ಶೇಕಡಾ 72.5 ಮಾತ್ರ. ಕಟ್ಟುವುದೇ ತಡ, ಕಟ್ಟಿದ ಮೇಲೂ ನಾಲ್ಕರಲ್ಲಿ ಒಂದು ಕೆಟ್ಟು ನಿಂತರೆ ಜನ ಯಾವ ಧೈರ್ಯದ ಮೇಲೆ ಕಾರು ತೆಗೆದುಕೊಳ್ಳಬೇಕು? ಅಮೆರಿಕದ ಸರ್ಕಾರಿ ದುಡ್ಡಿನ ಚಾರ್ಜರುಗಳು ವರ್ಷದಲ್ಲಿ ಶೇಕಡಾ 97 ಹೊತ್ತು ಚಾಲೂ ಇರಬೇಕು ಅಂತ ನಿಯಮ ಮಾಡಿದ್ದು ಇದಕ್ಕೇ. ಬ್ರಿಟನ್ನಿನಲ್ಲಿ ಫಾಸ್ಟ್ ಚಾರ್ಜರ್ ಜಾಲಗಳಿಗೆ ಅದನ್ನು 99 ಮಾಡಿದ್ದಾರೆ. ಇಂಥ ನಿಯಮ ಎಲ್ಲ ಕಡೆಯೂ ಬರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಕಂಪನಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೂರು ಮಾತು. ಬೋರ್ಡಿನಲ್ಲಿ 'ಶೀಘ್ರದಲ್ಲೇ' ಬದಲು ಕೆಲಸ ಎಲ್ಲಿಗೆ ಬಂದಿದೆ ಅಂತ ಬರೆಯಿರಿ: ಅರ್ಜಿ ಕೊಟ್ಟಿದ್ದೇವೆ, ಲೈನ್ ಎಳೆಯುತ್ತಿದ್ದಾರೆ, ಟಿ.ಸಿ. ಬರಬೇಕು, ಹೀಗೆ. ನಾವು ಕಾಯುತ್ತೇವೆ, ಆದರೆ ಯಾತಕ್ಕೆ ಕಾಯುತ್ತಿದ್ದೇವೆ ಅಂತ ಗೊತ್ತಿರಲಿ. ಕರೆಂಟ್ ಬರುವವರೆಗೆ ಆ್ಯಪಿನಲ್ಲಿ ಗುರುತು ಹಾಕಲೇಬೇಡಿ. ಮತ್ತೆ, ಪೂರ್ತಿ ಲೋಡ್ ಸಿಗಲು ತಡವಾದರೆ ಸಿಕ್ಕಷ್ಟರಲ್ಲಿ ಒಂದು ಸಣ್ಣ ಮೆಷಿನ್ನಾದರೂ ಶುರು ಮಾಡಿ. ಒಳಗೆ ಬ್ಯಾಟರಿ ಇಟ್ಟುಕೊಂಡು, ಸಣ್ಣ ಕನೆಕ್ಷನ್ನಿನಿಂದಲೇ ನಿಧಾನಕ್ಕೆ ತುಂಬಿಸಿಕೊಂಡು, ಕಾರು ಬಂದಾಗ ಜೋರಾಗಿ ಕೊಡುವ ಚಾರ್ಜರುಗಳೂ ಈಗ ಇವೆ. ಆ ರಾತ್ರಿ ಇಲ್ಲಿ 30 ಕಿಲೋವಾಟಿನದೊಂದು ಇದ್ದಿದ್ದರೂ ನನ್ನ ಮಗಳನ್ನು ಕರೆದುಕೊಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ.

ಎಡಗಡೆಯ ಮೆಷಿನ್ ಸರಿಯಾದ ದಿನ ಇಲ್ಲೇ ನಾಲ್ಕು ಅಂಕಕ್ಕೆ ಬದಲಾಯಿಸುತ್ತೇನೆ.

ಹಾಂ, ಇದೇ ಹೆದ್ದಾರಿಯಲ್ಲಿ 70 ಕಿಲೋಮೀಟರ್ ಮುಂದೆ ಇನ್ನೊಂದು ಕಂಪನಿಯ ಹೊಸ ಬೋರ್ಡ್ ಬಂದಿದೆ. ಹೋದ ವಾರ ನಿಲ್ಲಿಸಿ ಹಿಂದೆ ಹೋಗಿ ನೋಡಿದೆ. ಮೆಷಿನ್ ಇಲ್ಲ, ಶೀಟಿಲ್ಲ, ನೆಲಕ್ಕೆ ಬಣ್ಣವೂ ಬಳಿದಿಲ್ಲ. ಆದರೆ ಬೇಲಿಯೊಳಗೆ ಕಟ್ಟೆ ಕಟ್ಟಿ ಟಿ.ಸಿ. ಕೂರಿಸಿದ್ದಾರೆ, ಲೈನೂ ಬಂದು ಸೇರಿದೆ. ಸದ್ಯದಲ್ಲೇ ಅದರ ಬಗ್ಗೆಯೂ ಬರೆಯುತ್ತೇನೆ.