ಫಾರ್ಮ್ಯಾಟ್, ರ‍್ಯಾಮ್, ಎಸ್‌ಎಸ್‌ಡಿ, ಲಿನಕ್ಸ್: ಒಂದೇ ಲ್ಯಾಪ್‌ಟಾಪ್ ಮೇಲೆ ಎಲ್ಲವನ್ನೂ ಮಾಡಿ ನೋಡಿದೆ

ತಾಲ್ಲೂಕು ಕಚೇರಿ ಎದುರಿನ ನನ್ನ ಅಂಗಡಿಯಲ್ಲಿ ಡಿಟಿಪಿ, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ ಎಲ್ಲವೂ ನಡೆಯುವುದು ಒಂದೇ ಲ್ಯಾಪ್‌ಟಾಪಿನಲ್ಲಿ. 2018ರಲ್ಲಿ ಕೊಂಡದ್ದು. ಏಳನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಐದು ವರ್ಷ ದುಡಿದ ಮೇಲೆ ಅದಕ್ಕೆ ಬೆಳಗ್ಗೆ ಏಳುವುದೇ ಬೇಡವಾಯಿತು.

ಬರೀ ನಿಧಾನವಾಗಿದ್ದರೆ ಸಹಿಸಬಹುದಿತ್ತು. ನಿಧಾನಕ್ಕೂ ಒಂದು ನಿಯತ್ತು ಇರಲಿಲ್ಲ. ಸೋಮವಾರ ಮೂರು ನಿಮಿಷ, ಮಂಗಳವಾರ ಒಂಬತ್ತು, ಬುಧವಾರ ಕಪ್ಪು ಪರದೆಯ ಮೇಲೆ ಬಿಳಿ ಬಾಣ ಒಂದೇ. ಪವರ್ ಗುಂಡಿಯನ್ನು ಅದುಮಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಏನೂ ಆಗಿಲ್ಲವೇನೋ ಎಂಬಂತೆ ಬರುತ್ತಿತ್ತು. ಪಹಣಿಗೆ ಬಂದವರು ಬೆಂಚಿನ ಮೇಲೆ ಕೂತು ನನ್ನನ್ನೂ ಪರದೆಯನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದರು.

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬರು ‘ಫಾರ್ಮ್ಯಾಟ್ ಹೊಡೆಸಿಬಿಡಿ’, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿ, ಅಂದರು, ಇನ್ನೊಬ್ಬರು ‘ರ‍್ಯಾಮ್ ಸಾಲದು’, ಅಂದರೆ ಕೆಲಸದ ಹೊತ್ತಿನ ತಾತ್ಕಾಲಿಕ ನೆನಪು ಸಾಲದು, ಅಂದರು. ಇಂಜಿನಿಯರಿಂಗ್ ಓದುವ ಅಕ್ಕನ ಮಗ ‘ಲಿನಕ್ಸ್ ಹಾಕು ಮಾವ’ ಅಂದ. ವಿಂಡೋಸಿನ ಬದಲಿಗೆ ಹಾಕಬಹುದಾದ ಉಚಿತ ವ್ಯವಸ್ಥೆ ಅದು. ನಾನು ಖರ್ಚಿಲ್ಲದ್ದರಿಂದ ಶುರುಮಾಡಿ ಖರ್ಚಿನದರ ಕಡೆಗೆ ಹೋದೆ. ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ದಿನಾ ಸಮಯ ಬರೆದಿಟ್ಟೆ: ಗುಂಡಿ ಒತ್ತಿದಲ್ಲಿಂದ ಬ್ರೌಸರ್ ತೆರೆದು ಅಕ್ಷರ ಮೂಡುವ ತನಕ. ಮೊದಲ ವಾರ ಬೇಗ ಬಂದ ದಿನ 3 ನಿಮಿಷ 5 ಸೆಕೆಂಡ್, ತಡವಾದ ದಿನ 9 ನಿಮಿಷ 20 ಸೆಕೆಂಡ್.

ಮೊದಲು ಸ್ಟಾರ್ಟಪ್ ಪಟ್ಟಿ, ಅಂದರೆ ವಿಂಡೋಸಿನ ಜೊತೆಗೇ ತಾವಾಗಿ ತೆರೆದುಕೊಳ್ಳುವ ತಂತ್ರಾಂಶಗಳು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಕರೆಯದೇ ಬಂದ ನೆಂಟರು ಹದಿನಾಲ್ಕು ಮಂದಿ: ಎರಡು ಪ್ರಿಂಟರಿನ ಸಹಾಯಕರು, ವಿಡಿಯೊ ಕರೆಯ ಆ್ಯಪುಗಳು, ಎಂದೋ ಕಿತ್ತುಹಾಕಿದ ಆಂಟಿವೈರಸ್ಸಿನ ಬಾಲ. ನಾಲ್ಕು ಉಳಿಸಿ ಮಿಕ್ಕಿದ್ದನ್ನು ಡಿಸೇಬಲ್ ಮಾಡಿದೆ. ಸುಮಾರು ನಲವತ್ತು ಸೆಕೆಂಡ್ ಉಳಿಯಿತು. ಕಪ್ಪು ಪರದೆ ಮಾತ್ರ ಹಾಗೇ ಇತ್ತು.

ಆ ಪರದೆಯ ಗುಟ್ಟು ಸಿಕ್ಕಿದ್ದು ಅದೇ ಟಾಸ್ಕ್ ಮ್ಯಾನೇಜರಿನ ಇನ್ನೊಂದು ಮೂಲೆಯಲ್ಲಿ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿದರೆ ಕೆಳಗೆ ‘ಅಪ್ ಟೈಮ್’ ಅಂತ ಒಂದು ಅಂಕಿ ಇರುತ್ತದೆ, ಯಂತ್ರ ಎಷ್ಟು ಹೊತ್ತಿನಿಂದ ಎಚ್ಚರ ಇದೆ ಎಂಬ ಲೆಕ್ಕ. ದಿನಾ ರಾತ್ರಿ ನಾನೇ ಶಟ್‌ಡೌನ್ ಮಾಡಿ ಬಾಗಿಲು ಹಾಕುತ್ತಿದ್ದೆ. ಅಪ್ ಟೈಮ್ ನೋಡಿದರೆ ಹನ್ನೊಂದು ದಿನ! ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ.

ವಿಂಡೋಸ್ 8ರಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್‌ನ ಕೆಲಸ ಅದು. ಶಟ್‌ಡೌನ್ ಒತ್ತಿದಾಗ ನಮ್ಮ ಕಿಟಕಿಗಳು ಮುಚ್ಚುತ್ತವೆ, ಆದರೆ ವಿಂಡೋಸಿನ ಒಳತಿರುಳು ಮತ್ತು ಡ್ರೈವರುಗಳು (ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಇದ್ದ ಸ್ಥಿತಿಯಲ್ಲೇ ಡಿಸ್ಕಿನ ಒಂದು ದೊಡ್ಡ ಫೈಲಿಗೆ ಹೋಗಿ ಕೂರುತ್ತವೆ. ಬೆಳಗ್ಗೆ ಆ ಫೈಲನ್ನು ಓದಿ ಎದ್ದು ನಿಲ್ಲುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಒತ್ತಬೇಕು. ಯಾವುದೋ ಒಂದು ಡ್ರೈವರ್ ಆ ನಿದ್ದೆಯಿಂದ ಸರಿಯಾಗಿ ಏಳದಿದ್ದರೆ ನಿನ್ನೆಯ ಕಾಯಿಲೆ ಇವತ್ತಿಗೂ ಮುಂದುವರಿಯುತ್ತದೆ. ನನ್ನ ಯಂತ್ರ ರೀಸ್ಟಾರ್ಟಿನಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ, ಅದನ್ನು ನಾನೇ ಗಮನಿಸಿರಲಿಲ್ಲ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಗುಂಡಿಗಳು ಏನು ಮಾಡಬೇಕು ಎಂದು ಕೇಳುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಗುರುತು ತೆಗೆದೆ. ಸಮಯ ಅರ್ಧ ನಿಮಿಷ ಜಾಸ್ತಿಯೇ ಆಯಿತು. ಆದರೆ ಕಪ್ಪು ಪರದೆ ಅಂದಿನಿಂದ ಇಂದಿನವರೆಗೆ ಬಂದಿಲ್ಲ. ಕಾಸು ಖರ್ಚಿಲ್ಲದ ಈ ಒಂದು ಟಿಕ್‌ಗೆ ನಾನು ಫಾರ್ಮ್ಯಾಟ್‌ಗಿಂತ ಹೆಚ್ಚು ಅಂಕ ಕೊಡುತ್ತೇನೆ.

ಫಾರ್ಮ್ಯಾಟ್ ಕಥೆ ಕೇಳಿ. ಕಪ್ಪು ಪರದೆ ಹೋದರೂ ಮೂರು ನಿಮಿಷ, ಏಳು ನಿಮಿಷಗಳ ಆಟ ನಿಂತಿರಲಿಲ್ಲ. ಪೇಟೆಯ ಸರ್ವಿಸ್ ಅಂಗಡಿಯೊಂದಕ್ಕೆ ಕೊಟ್ಟೆ. ಎರಡು ದಿನ ಅಂಗಡಿ ಕೆಲಸ ನಿಂತಿತು, 600 ರೂಪಾಯಿ ಹೋಯಿತು. ವಾಪಸ್ ಬಂದಾಗ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಇಲ್ಲ, ಪ್ರಿಂಟರ್ ಡ್ರೈವರ್ ಇಲ್ಲ, ಬೆರಳ ಗುರುತು ಓದುವ ಯಂತ್ರದ ತಂತ್ರಾಂಶ ಇಲ್ಲ. ಇನ್ನೊಂದು ದಿನ ಅವನ್ನೆಲ್ಲ ಕೂಡಿಸುವುದಕ್ಕೆ. ಆಮೇಲೆ ಹತ್ತು ದಿನ ಎರಡು ನಿಮಿಷದಲ್ಲಿ ಬಂತು. ನಾನೂ ಊರೆಲ್ಲ ಹೊಗಳಿದೆ. ಹನ್ನೊಂದನೇ ದಿನ ಏಳು ನಿಮಿಷ.

ಹಿಡಿದು ಬೈದದ್ದು ಅಕ್ಕನ ಮಗ. ‘ಡಿಸ್ಕ್ ಹೆಲ್ತ್ ನೋಡದೆ ಫಾರ್ಮ್ಯಾಟ್ ಯಾಕೆ ಹೊಡೆಸಿದೆ ಮಾವ?’ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಟ್ಟ ಉಚಿತ ತಂತ್ರಾಂಶ ಹಾಕಿ ತೋರಿಸಿದ. ನೀಲಿ ಇರಬೇಕಾದ ಚೌಕ ಹಳದಿ. ಸಿ5 ಎಂಬ ಸಾಲಿನ ಕೊನೆಗೆ 18. ಅಲ್ಲಿ ಅಂಕಿಗಳು ಹದಿನಾರರ ಲೆಕ್ಕದಲ್ಲಿರುತ್ತವೆ, ಹಾಗಾಗಿ 18 ಎಂದರೆ 16 ಮತ್ತು 8 ಸೇರಿ 24. ಅಂದರೆ ಡಿಸ್ಕಿನ ಇಪ್ಪತ್ನಾಲ್ಕು ಸೆಕ್ಟರುಗಳು (ಪುಟ್ಟ ಖಾನೆಗಳು) ಓದಲು ಸಿಗದೆ ತೂಗುಯ್ಯಾಲೆಯಲ್ಲಿವೆ. ಅಂಥ ಜಾಗ ಎದುರಾದಾಗ ಡಿಸ್ಕ್ ಕೂಡಲೇ ‘ಆಗಲ್ಲ’ ಅನ್ನುವುದಿಲ್ಲ, ಮತ್ತೆ ಮತ್ತೆ ಓದಲು ನೋಡುತ್ತದೆ. ಅಷ್ಟೂ ಹೊತ್ತು ವಿಂಡೋಸ್ ಬಾಯಿ ತೆರೆದು ಕಾಯಬೇಕು. ಯಾವ ದಿನ ಯಾವ ಫೈಲ್ ಆ ಹೊಂಡದ ಮೇಲೆ ಹಾಯುತ್ತದೋ ಅದರ ಮೇಲೆ ಆ ದಿನದ ಸಮಯ. ಫಾರ್ಮ್ಯಾಟ್ ಆದ ಮೇಲೆ ಹತ್ತು ದಿನ ಚೆನ್ನಾಗಿದ್ದದ್ದು ಫೈಲುಗಳು ಬೇರೆ ಜಾಗದಲ್ಲಿ ಕೂತಿದ್ದಕ್ಕೆ ಇರಬೇಕು. ಒಂದು ಮಾತು: ಆ ಚೌಕ ಹಳದಿಯಾಗಿದ್ದರೆ ರಿಪೇರಿಯ ಯಾವ ಆಜ್ಞೆಯನ್ನೂ ಓಡಿಸುವ ಮೊದಲು ಫೈಲುಗಳನ್ನು ಹೊರಗೆ ನಕಲು ಮಾಡಿಕೊಳ್ಳಿ.

ಇಷ್ಟು ಗೊತ್ತಾದ ಮೇಲೂ ನಾನು ರ‍್ಯಾಮ್ ಹಾಕಿಸಿದೆ. ಕಡಿಮೆ ಬೆಲೆಗೆ ಒಂದು 4 ಜಿಬಿ ಡಿಡಿಆರ್4 ಕೈಗೆ ಸಿಕ್ಕಿತ್ತು, ಆಸೆ. ಹಾಕುವ ಹುಡುಗ ಹಳೇ ರ‍್ಯಾಮಿನ ಬಂಗಾರದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿ, ಊದಿ, ವಾಪಸ್ ಕೂರಿಸಿದ. ಮಲೆನಾಡಿನ ಮಳೆಗಾಲದಲ್ಲಿ ಆ ರಬ್ಬರೇ ಅರ್ಧ ಸರ್ವಿಸ್ ಸೆಂಟರ್. ಫಲ? ಲಾಗಿನ್ ಪರದೆವರೆಗಿನ ಸಮಯದಲ್ಲಿ ವ್ಯತ್ಯಾಸ ಸೊನ್ನೆ. ಆಮೇಲೆ ಪೇಜ್‌ಮೇಕರ್, ಬ್ರೌಸರಿನ ಎಂಟು ಟ್ಯಾಬು, ಪ್ರಿಂಟ್ ಸರದಿ ಒಟ್ಟಿಗೆ ಇದ್ದಾಗ ತಡವರಿಸುವುದು ನಿಂತಿತು. ಅಂದರೆ ರ‍್ಯಾಮ್ ಎದ್ದವನ ನಡಿಗೆಗೆ, ಏಳಲಾರದವನಿಗೆ ಅಲ್ಲ.

ಕೊನೆಗೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲೇ ಫೈಲು ಇಡುವ 480 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದೆ. ಹಳೇ ಡಿಸ್ಕಿಗೆ ಹಾಕಲು ಯುಎಸ್‌ಬಿ ಡಬ್ಬಿಯೂ ಸೇರಿ ನನಗೆ ಬಿದ್ದದ್ದು ಮೂರು ಸಾವಿರದೊಳಗೆ. ಹಳೇ ಡಿಸ್ಕನ್ನು ಹಾಗೇ ಕ್ಲೋನ್ (ಪೂರ್ತಿ ನಕಲು) ಮಾಡೋಣವೆಂದು ಹೊರಟರೆ ಅರವತ್ತಮೂರು ಪರ್ಸೆಂಟಿಗೆ ಓದುವಿಕೆ ದೋಷ ಅಂತ ನಿಂತುಬಿಟ್ಟಿತು. ಅದೇ ಹೊಂಡ. ಸರಿ, ಹೊಸದಾಗಿಯೇ ವಿಂಡೋಸ್ 10 ಹಾಕಿದೆವು. ಲೈಸೆನ್ಸ್ ಏನಾಗುತ್ತದೋ ಎಂಬ ಭಯವಿತ್ತು. ಅದು ಮದರ್‌ಬೋರ್ಡಿಗೆ ಅಂಟಿಕೊಂಡ ಡಿಜಿಟಲ್ ಲೈಸೆನ್ಸ್, ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಯಿತು.

ಮರುದಿನ ಬೆಳಗ್ಗೆ 24 ಸೆಕೆಂಡ್. ಗಡಿಯಾರ ತಪ್ಪು ಒತ್ತಿದೆನೇನೋ ಎಂದು ಆಫ್ ಮಾಡಿ ಮತ್ತೆ ನೋಡಿದೆ: 23. ವಾರವಿಡೀ 22ರಿಂದ 27ರ ಒಳಗೆ. ವೇಗಕ್ಕಿಂತ ನನಗೆ ಹಿಡಿಸಿದ್ದು ಆ ಐದೇ ಸೆಕೆಂಡಿನ ಅಂತರ.

ಇಷ್ಟೊಂದು ವ್ಯತ್ಯಾಸ ಯಾಕೆ ಅಂದರೆ, ನನ್ನ ಹಳೇ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುವುದು, ಸೆಕೆಂಡಿಗೆ 90. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದರ ಮೇಲೆ ಕೈ ಆಚೀಚೆ ಸರಿಯುವ ಹೊತ್ತು ಬೇರೆ. ವಿಂಡೋಸ್ ಏಳುವಾಗ ಸಾವಿರಾರು ಚೂರುಪಾರು ಫೈಲುಗಳನ್ನು ಅಲ್ಲೊಂದು ಇಲ್ಲೊಂದು ಕೇಳುತ್ತದೆ. ಎದುರಿನ ಕಚೇರಿಯ ದಾಖಲೆ ಕೋಣೆಯಲ್ಲಿ ಒಂದೊಂದು ಕಡತಕ್ಕೂ ಏಣಿ ಸರಿಸಿ, ಹತ್ತಿ, ಇಳಿದ ಹಾಗೆ. ಎಸ್‌ಎಸ್‌ಡಿಯಲ್ಲಿ ಏಣಿಯೇ ಇಲ್ಲ.

ಲಿನಕ್ಸಿಗೆ ಅನ್ಯಾಯ ಮಾಡಬಾರದೆಂದು ಅದೇ ಎಸ್‌ಎಸ್‌ಡಿಯ ಒಂದು ಭಾಗದಲ್ಲಿ ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೂ ಹಾಕಿದೆವು. ಯಾವುದು ಬೇಕೆಂದು ಕೇಳುವ ಮೆನುವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 21 ಸೆಕೆಂಡ್, ವಿಂಡೋಸಿಗಿಂತ ಕೂದಲೆಳೆ ಮುಂದೆ. ಅದರಲ್ಲಿ ನನಗೆ ಹೊಟ್ಟೆಕಿಚ್ಚಾದ ವಿಷಯ ಬೇರೆ: ಟರ್ಮಿನಲ್‌ನಲ್ಲಿ ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಎಂದು ಕೊಟ್ಟರೆ ಶುರುವಾಗುವಾಗ ಯಾರು ಎಷ್ಟು ಸೆಕೆಂಡ್ ತಿಂದರು ಅಂತ ಸಾಲಾಗಿ ಹೆಸರು ಹೇಳುತ್ತದೆ. ವಿಂಡೋಸಿನಲ್ಲಿ ಇದೇ ಮಾಹಿತಿಗೆ ಈವೆಂಟ್ ವ್ಯೂವರಿನ ಹೊಟ್ಟೆಯೊಳಗೆ ಇಳಿಯಬೇಕು. ಕನ್ನಡ ಟೈಪಿಂಗಿಗೆ ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ಆಯ್ಕೆಯಲ್ಲೇ ಇದೆ, ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ಆದರೆ ಪೇಜ್‌ಮೇಕರಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ಮಾಡಿಟ್ಟ ಲಗ್ನಪತ್ರಿಕೆಗಳ ರಾಶಿ ಅಲ್ಲಿ ತೆರೆಯಲಿಲ್ಲ, ನನ್ನ ಬೆರಳ ಗುರುತಿನ ಯಂತ್ರಕ್ಕೆ ಡ್ರೈವರೂ ಸಿಗಲಿಲ್ಲ. ಮನೆಯ ಯಂತ್ರವಾಗಿದ್ದರೆ ಕಣ್ಣುಮುಚ್ಚಿ ಮಿಂಟ್ ಇಟ್ಟುಕೊಳ್ಳುತ್ತಿದ್ದೆ. ಅಂಗಡಿಗೆ ಆಗದು. ಎರಡೂ ಇಟ್ಟುಕೊಳ್ಳುವವರು ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಅರೆನಿದ್ದೆಯಲ್ಲಿರುವ ವಿಂಡೋಸ್ ಡ್ರೈವಿನಲ್ಲಿ ಲಿನಕ್ಸಿಗೆ ಬರೆಯಲು ಬರುವುದಿಲ್ಲ.

ವಿಂಡೋಸ್ 10ರ ಬೆಂಬಲ, ಅಂದರೆ ಸುರಕ್ಷತೆಯ ಮಾಮೂಲಿ ಅಪ್‌ಡೇಟು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ನನ್ನ ಏಳನೇ ತಲೆಮಾರಿನ ಐ3 ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗಾಗಿ ಬ್ಯಾಂಕಿನ ಕೆಲಸ ಈಗ ಮಿಂಟಿನಲ್ಲಿ, ಲಗ್ನಪತ್ರಿಕೆ ವಿಂಡೋಸಿನಲ್ಲಿ.

ಕಳೆದ ತಿಂಗಳು ಪಕ್ಕದ ಅಂಗಡಿಯವರು ತಮ್ಮ ಲ್ಯಾಪ್‌ಟಾಪ್ ಹೊತ್ತು ತಂದರು. ‘ನಂದೂ ನಿಮ್ಮದೇ ಕಾಯಿಲೆ.’ ನೋಡಿದರೆ ಅದರಲ್ಲಿ ಆಗಲೇ ಎಸ್‌ಎಸ್‌ಡಿ ಇದೆ, ಚೌಕ ನೀಲಿ, ಸಿ5 ಸಾಲೇ ಇಲ್ಲ. ಆದರೂ ಕಂಪನಿಯ ಲೋಗೊ ಮೇಲೆ ನಿಮಿಷಗಟ್ಟಲೆ ನಿಲ್ಲುತ್ತದೆ, ಕೆಲವು ದಿನ ನಿಲ್ಲುವುದಿಲ್ಲ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದ ಮೇಲ್ಮೂಲೆಯಲ್ಲಿ ‘ಲಾಸ್ಟ್ ಬಯಾಸ್ ಟೈಮ್’ 71 ಸೆಕೆಂಡ್. ಬಯಾಸ್ ಅಂದರೆ ಎಲ್ಲರಿಗಿಂತ ಮೊದಲು ಎದ್ದು, ಜೋಡಿಸಿದ ಸಾಧನಗಳನ್ನು ನೋಡಿಕೊಳ್ಳುವ ಒಳತಂತ್ರಾಂಶ. ವಿಂಡೋಸಿಗೆ ಸರದಿ ಬರುವ ಮೊದಲೇ ಅಷ್ಟು ಹೊತ್ತು ಹೋಗಿದೆ. ಯಾವ ದಿನ ನಿಲ್ಲುವುದಿಲ್ಲ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಮಗ ಸಿನಿಮಾ ತುಂಬಿದ ಎಕ್ಸ್‌ಟರ್ನಲ್ ಡಿಸ್ಕನ್ನು ಮನೆಗೆ ಒಯ್ದ ದಿನ ಅಂದರು. ಅದರ ವೈರು ಕಿತ್ತು ಆನ್ ಮಾಡಿದೆವು: ಬಯಾಸ್ ಟೈಮ್ 9 ಸೆಕೆಂಡ್.